ಪ್ರತಿಕ್ರಿಯೆ: ಸಂಕ್ರಾಂತಿಗೆ ಎರಡನೇ ತರಗತಿಯ ಗಣಿತ

ನಮಸ್ಕಾರ. ಸಂಕ್ರಾಂತಿಯ ವಾರದಲ್ಲಿ ಎರಡನೇ ತರಗತಿಯ ಮಕ್ಕಳಿಗೆ ಖರ್ಚಿಲ್ಲದ ಗಣಿತ ಚಟುವಟಿಕೆ ಯಾವುದೆಂದು ಕೇಳಿದ್ದೀರಿ, ಗಾಳಿಪಟ ಮಾಡಿಸುವ ಯೋಚನೆಯಿದೆ ಎಂದೂ ತಿಳಿಸಿದ್ದೀರಿ. ನನ್ನ ಆಯ್ಕೆ ಚುಕ್ಕಿ ರಂಗೋಲಿ. ನೇರ ಚುಕ್ಕಿಯಲ್ಲಿ (ಚುಕ್ಕಿಗಳು ಒಂದರ ಕೆಳಗೊಂದು ನೇರವಾಗಿ ಬರುವಂತೆ) ನಡುಸಾಲಿನ 5ರಿಂದ ತುದಿಯ 1ರವರೆಗೆ ಇಡಿಸಿದರೆ ಸಾಲುಗಳು 1, 3, 5, 3, 1 ಎಂದು ಬರುವುದರಿಂದ, ಮಕ್ಕಳು ಬೆಸಸಂಖ್ಯೆಗಳನ್ನು ಕಣ್ಣಾರೆ ಕಂಡು, ಒಟ್ಟು 13 ಚುಕ್ಕಿಗಳನ್ನು ತಾವೇ ಕೂಡಿಸುತ್ತಾರೆ. ಮರುದಿನ ಸಂದು ಚುಕ್ಕಿಯಲ್ಲಿ (ಪಕ್ಕದ ಸಾಲಿನ ಎರಡು ಚುಕ್ಕಿಗಳ ನಡುವಿನ ಸಂದಿಗೆ ಚುಕ್ಕಿ ಬರುವಂತೆ) 5ರಿಂದ 3ರವರೆಗೆ ಇಡಿಸಿ. ಸಾಲುಗಳು 3, 4, 5, 4, 3 ಆಗಿ ಮೊತ್ತ 19 ಆಗುತ್ತದೆ. ನಡುವಿನ ಸಾಲು ಎರಡರಲ್ಲೂ 5 ಆಗಿದ್ದರೂ ಮೊತ್ತವೇಕೆ ಬೇರೆಯಾಯಿತು ಎಂಬ ಪ್ರಶ್ನೆಯನ್ನು ಮಕ್ಕಳಿಗೇ ಬಿಡಿ, ಉತ್ತರ ಹೇಳಲು ಅವಸರಪಡಬೇಡಿ. ನಡುಸಾಲಿನ ಮೇಲೂ ಕೆಳಗೂ ಒಂದೇ ರೀತಿಯ ಸಾಲುಗಳಿವೆಯೆಂದು ಗಮನಿಸಿದ ಮಗು, ಒಂದು ಬದಿಯನ್ನಷ್ಟೇ ಕೂಡಿ ಅದನ್ನು ಎರಡರಷ್ಟು ಮಾಡಿ, ನಡುಸಾಲನ್ನು ಸೇರಿಸಿಕೊಳ್ಳುತ್ತದೆ. ಆ ವಯಸ್ಸಿಗೆ ಅದು ಸಣ್ಣ ಸಾಧನೆಯಲ್ಲ.

ಎಳ್ಳುಬೆಲ್ಲವನ್ನು ಅಳತೆಗೆ ಬಳಸಬಹುದು: ಒಂದು ಲೋಟ ಎಳ್ಳಿಗೆ ಎರಡು ಲೋಟ ಹುರಿಗಡಲೆಯಾದರೆ, ಮೂರು ಲೋಟ ಎಳ್ಳಿಗೆ ಎಷ್ಟು? (ಎಳ್ಳನ್ನು ಎಣಿಸಲು ಮಾತ್ರ ಕೊಡಬೇಡಿ, ಗಂಟೆ ಹೊಡೆದರೂ ಮುಗಿಯದು.) ಕಡಲೆಕಾಯಿ ಬೀಜ ಒಗ್ಗದ ಮಕ್ಕಳಿದ್ದಾರೆಯೇ ಎಂದು ಪೋಷಕರನ್ನು ಮೊದಲೇ ವಿಚಾರಿಸಿಕೊಳ್ಳಿ. ನೀವು ಯೋಚಿಸಿರುವ ಗಾಳಿಪಟದ ಚಟುವಟಿಕೆಯಲ್ಲಿ ಅಂಟು, ಕತ್ತರಿಗಳ ಕೆಲಸವೇ ಹೆಚ್ಚಾಗಿ ಗಣಿತ ಹಿಂದೆ ಸರಿಯುತ್ತದೆ. ಅದನ್ನು ಚಿತ್ರಕಲೆಯ ಅವಧಿಗೆ ಇಟ್ಟುಕೊಳ್ಳುವುದು ಒಳ್ಳೆಯದು.