ಡಲ್ಲಾಸ್‌ಗೆ ಬಂದವರು ವಾಕ್ಸಹ್ಯಾಚಿಯ ಕೋರ್ಟ್ ಕಟ್ಟಡ ನೋಡಲೇಬೇಕಾ?

ಮಗನ ಮನೆಗೆ ಬಂದಿದ್ದೀರಿ, ಯಾರೋ ಈ ಕೋರ್ಟ್ ನೋಡಿ ಬನ್ನಿ ಅಂದರು, "ಕೋರ್ಟಲ್ಲಿ ನೋಡೋಕೇನಿದೆ" ಅಂತ ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ನಮ್ಮ ಕಡೆ ಕೋರ್ಟ್ ಮೆಟ್ಟಿಲು ಹತ್ತಿದರು ಅಂದರೆ ಗ್ರಹಚಾರ ಕೆಟ್ಟಿತು ಅಂತಲೇ ಲೆಕ್ಕ. ಈ ಮೆಟ್ಟಿಲನ್ನು ಮಾತ್ರ ನಾನು ಖುಷಿಯಿಂದ ಮೂರು ಸಲ ಹತ್ತಿದ್ದೇನೆ.

ವಾಕ್ಸಹ್ಯಾಚಿ ಇರೋದು ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ, ಡಲ್ಲಾಸ್‌ನಿಂದ ದಕ್ಷಿಣಕ್ಕೆ ಸುಮಾರು 30 ಮೈಲಿ. ಎಲ್ಲಿಸ್ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗದ, ಮುಖ್ಯ ಊರು. ಕೌಂಟಿಯ ಕೋರ್ಟ್‌ಹೌಸ್ ಅಂದರೆ ಬರೀ ನ್ಯಾಯಾಲಯ ಅಲ್ಲ. ದಾಖಲೆ, ತೆರಿಗೆ, ಆಡಳಿತ ಎಲ್ಲ ಒಂದೇ ಸೂರಿನಡಿ ಇಟ್ಟುಕೊಂಡ ನಮ್ಮ ತಾಲೂಕು ಕಚೇರಿಯ ಥರ. ಇಷ್ಟು ಸಣ್ಣ ಊರಿಗೆ ಇಂಥ ಅರಮನೆ ಹೇಗೆ ಬಂತು? ಹತ್ತಿಯ ದುಡ್ಡು. ಸುತ್ತ ಎಲ್ಲ ಕಪ್ಪು ಮಣ್ಣು. ಮಳೆಗೆ ಅಂಟುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಥೇಟ್ ನಮ್ಮ ಧಾರವಾಡ ಕಡೆಯ ಎರೆಮಣ್ಣು. ಜೊತೆಗೆ, ಕೋರ್ಟ್ ಕಟ್ಟಲು ಕೌಂಟಿಗಳು ಬಾಂಡ್ ಮಾರಿ ಸಾಲ ಎತ್ತಬಹುದು ಅಂತ ಟೆಕ್ಸಸ್ 1881ರಲ್ಲಿ ಕಾನೂನು ಮಾಡಿತ್ತು. ಊರೂರಿಗೂ ಪೈಪೋಟಿ ಶುರುವಾಯಿತು!

ಕೆಲಸ ಶುರುವಾದದ್ದು 1895ರಲ್ಲಿ, ಮುಗಿದದ್ದು 1897ರಲ್ಲಿ. ವಾಸ್ತುಶಿಲ್ಪಿ ಜೇಮ್ಸ್ ರೈಲಿ ಗಾರ್ಡನ್. ಕೆಂಪು ಮರಳುಗಲ್ಲು, ನಸುಗೆಂಪು ಗ್ರಾನೈಟು, ದಪ್ಪ ದಪ್ಪ ಕಮಾನು, ಮೇಲೆ ಗಡಿಯಾರದ ಗೋಪುರ. ರಿಚರ್ಡ್ಸನ್ ರೋಮನೆಸ್ಕ್ ಅನ್ನುವ ಶೈಲಿ ಇದು.

ಬಾಗಿಲ ಬಳಿಯ ಮೊಗಸಾಲೆಯಲ್ಲಿ ಸ್ವಲ್ಪ ನಿಲ್ಲಿ. ಕಂಬಗಳ ತಲೆಯಲ್ಲಿ ಎಲೆಬಳ್ಳಿಯ ಕೆತ್ತನೆ, ಅದರ ನಡುವಿನಿಂದ ಮುಖಗಳು ಇಣುಕುತ್ತವೆ. ಒಂದು ಚೆಂದದ ಹೆಣ್ಣುಮುಖ, ಇನ್ನೊಂದು ಹಲ್ಲು ಕಿರಿದ ವಿಕಾರ. ಕೆತ್ತುವವನು ಊರಿನ ಹುಡುಗಿಯನ್ನು ಮೆಚ್ಚಿದ್ದ, ಅವಳು ಒಲ್ಲೆ ಅಂದಳು, ಸಿಟ್ಟಿಗೆ ಅವಳ ಮುಖವನ್ನೇ ವಿಕಾರ ಮಾಡುತ್ತಾ ಹೋದ ಅಂತ ಕಥೆ ಹೇಳುತ್ತಾರೆ. ಇತಿಹಾಸ ಬಲ್ಲವರು ನಂಬುವುದಿಲ್ಲ, ನಾನೂ ನಂಬಲ್ಲ. ಆ ಕಾಲದ ಇಂಥ ಕಟ್ಟಡಗಳಲ್ಲಿ ವಿಕಾರ ಮುಖ ಕೆತ್ತುವುದು ಮಾಮೂಲಿ. ನಮ್ಮ ದೇವಸ್ಥಾನದ ಕೀರ್ತಿಮುಖ ಯಾರ ಮೇಲಿನ ಸಿಟ್ಟಿಗೂ ಕೆತ್ತಿದ್ದಲ್ಲ ಅಲ್ವಾ?

ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾದದ್ದು ಗಾಳಿಯ ಲೆಕ್ಕಾಚಾರ. ಗಾರ್ಡನ್ ಬಾಗಿಲುಗಳನ್ನು ಮೂಲೆಗಳಲ್ಲಿಟ್ಟ, ನಟ್ಟನಡುವೆ ಗೋಪುರದೊಳಗೆ ಮೆಟ್ಟಿಲಿಟ್ಟ. ಬಿಸಿಗಾಳಿ ಗೋಪುರದಲ್ಲಿ ಮೇಲೇರಿ ಹೊರಗೆ ಹೋಗುತ್ತದೆ, ಆ ಜಾಗಕ್ಕೆ ನೆರಳಿನ ಮೊಗಸಾಲೆಯಿಂದ ತಂಪುಗಾಳಿ ಒಳಗೆ ಬರುತ್ತದೆ. ಎಸಿ ಇಲ್ಲದ ಕಾಲ, ಟೆಕ್ಸಸ್ ಬಿಸಿಲು, ಕೋಟು ತೊಟ್ಟ ವಕೀಲರು. ಬೇರೆ ದಾರಿ ಇರಲಿಲ್ಲ.

2000ದ ದಶಕದ ಶುರುವಿನಲ್ಲಿ ಜೀರ್ಣೋದ್ಧಾರ ಮುಗಿಸಿದ್ದಾರೆ. ವಾರದ ದಿನವೇ ಹೋಗಿ. ನಾನು ಮೊದಲ ಸಲ ಭಾನುವಾರ ಹೋಗಿ, ಬಾಗಿಲಿನ ಬೀಗ ನೋಡಿಕೊಂಡು ವಾಪಸ್ ಬಂದಿದ್ದೆ.