ಜಗಲಿ ದಾಟಿದರೆ ಪಾಠ ನಿಲ್ಲುವುದಿಲ್ಲ

ಪ್ರಶ್ನೆ: ಸರ್, ನಮ್ಮದು ಹೊಸನಗರ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆ. ಐದು ತರಗತಿ, ಇಬ್ಬರೇ ಶಿಕ್ಷಕರು. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಕಲಿಸುವ ಆಸೆ ನನಗೆ. ಆದರೆ ಹೋದಾಗಲೆಲ್ಲ ಮಕ್ಕಳು ದಿಕ್ಕಾಪಾಲಾಗುತ್ತಾರೆ, ಕಲಿತದ್ದೇನೂ ಕಾಣುವುದಿಲ್ಲ. ಪೋಷಕರು ಬೇರೆ ‘ಪಾಠ ಬಿಟ್ಟು ಆಡಿಸ್ತಾರೆ’ ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೇಡಂ, ‘ಸುತ್ತಮುತ್ತ ಏನೇನಿದೆ ನೋಡಿ ಬನ್ನಿ’ ಅಂದರೆ ಏಳು ವರ್ಷದ ಮಗು ಏನು ನೋಡಬೇಕು? ಎಲ್ಲವನ್ನೂ ನೋಡುತ್ತದೆ, ಯಾವುದೂ ಮನಸ್ಸಲ್ಲಿ ನಿಲ್ಲುವುದಿಲ್ಲ. ಹೊರಗೆ ಹೊರಡುವಾಗ ಕೈಗೊಂದು ಸಣ್ಣ ಕೆಲಸ ಇರಬೇಕು. ದೂರ ಹೋಗುವುದು ಬೇಡ, ಶಾಲೆಯ ಅಂಗಳವೇ ಸಾಕು. ಒಳಗೆ ಬಂದ ಮೇಲೆ ಬರೆಯುವುದಕ್ಕೆ ಸ್ವಲ್ಪ ಹೊತ್ತು ಕೊಡಿ. ಇಪ್ಪತ್ತು ನಿಮಿಷ ಹೊರಗೆ ಇದ್ದರೆ ಇಪ್ಪತ್ತು ನಿಮಿಷ ನೋಟ್‌ಬುಕ್ಕಿಗೆ.

ನಿಮ್ಮ ಕಡೆ ಇದಕ್ಕೆ ಮಳೆಗಿಂತ ಒಳ್ಳೆಯ ವಿಷಯ ಯಾವುದಿದೆ? ಜೂನ್‌ನಲ್ಲೇ ಒಂದು ಮಳೆಮಾಪಕ ಮಾಡಿ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಸಣ್ಣದಾದರೆ ಹೊಸನಗರದ ಮಳೆಗೆ ತುಂಬಿ ಚೆಲ್ಲಿಬಿಡುತ್ತದೆ. ಪಕ್ಕ ನೆಟ್ಟಗಿರಲಿ, ನಡುವೆ ಸೊಂಟದ ಹಾಗೆ ಒಳಸರಿದಿದ್ದರೆ ಬೇಡ. ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಕೂರಿಸಿ. ಬಾಟಲಿಯ ತಳ ಉಬ್ಬುತಗ್ಗು ಇರುತ್ತದೆ ಅಲ್ವಾ, ಸಣ್ಣ ಕಲ್ಲು ಹಾಕಿ, ಕಲ್ಲು ಮುಳುಗುವಷ್ಟು ನೀರು ಹುಯ್ಯಿರಿ. ಆ ಮಟ್ಟ ಸೊನ್ನೆ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಹಿಡಿದು ಮಿಲಿಮೀಟರ್ ಗೆರೆ ಎಳೆಸಿ. ಮರದ ಕೆಳಗೆ, ಸೂರಿನ ಹತ್ತಿರ ಇಡಬೇಡಿ. ಹವಾಮಾನ ಇಲಾಖೆಯವರು ದಿನಾ ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆ. ನೀವು ಪ್ರಾರ್ಥನೆಗೆ ಮುಂಚೆ ಅಳೆಯಿರಿ, ಹೊತ್ತು ಮಾತ್ರ ಬದಲಾಗಬಾರದು. ಅಳೆದ ಮೇಲೆ ಮಳೆನೀರನ್ನು ಚೆಲ್ಲಿ ಮತ್ತೆ ಸೊನ್ನೆಗೆ ತನ್ನಿ.

ಈ ಒಂದು ಬಾಟಲಿಯಲ್ಲಿ ಐದೂ ತರಗತಿಗೆ ಕೆಲಸ ಇದೆ. ಚಿಕ್ಕವರು ‘ನಿನ್ನೆಗಿಂತ ಜಾಸ್ತಿಯೋ ಕಮ್ಮಿಯೋ’ ಹೇಳಲಿ, ಚಿತ್ರ ಬರೆಯಲಿ. ಮೂರನೆಯವರು ವಾರದ ಮಳೆ ಕೂಡಲಿ. ನಾಲ್ಕು, ಐದನೆಯವರಿಗೆ ನಿಜವಾದ ಲೆಕ್ಕ ಕೊಡಿ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು 1 ಲೀಟರ್ ನೀರು. ಶಾಲೆಯ ಮಾಡು (ಛಾವಣಿ) ಎಷ್ಟು ನೆಲ ಮುಚ್ಚಿದೆ ಅಂತ ಟೇಪು ಹಿಡಿದು ಅವರೇ ಅಳೆಯಲಿ. ಅದು 100 ಚದರ ಮೀಟರ್ ಇದ್ದು 40 ಮಿ.ಮೀ. ಮಳೆ ಬಂದಿದ್ದರೆ ಒಂದೇ ದಿನ 4,000 ಲೀಟರ್! ಹಾಗಾದರೆ ಏಪ್ರಿಲ್ ಬಂದರೆ ನಮ್ಮ ಬಾವಿ ಯಾಕೆ ತಳ ಕಾಣುತ್ತದೆ ಅಂತ ಯಾವುದೋ ಒಂದು ಮಗು ಕೇಳಿಯೇ ಕೇಳುತ್ತದೆ. ಆ ಪ್ರಶ್ನೆ ಬಂದ ದಿನ ಬೇರೆ ಪಾಠ ಇಟ್ಟುಕೊಳ್ಳಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ, ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ನಕ್ಷೆ ಹರವಿಕೊಂಡು ಕೂರುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೇ?

ಪೋಷಕರ ಮಾತಿಗೂ ಮದ್ದು ಇಲ್ಲೇ ಇದೆ. ಮಕ್ಕಳು ಮನೆಯಲ್ಲಿ ಅಜ್ಜ, ಅಜ್ಜಿಯನ್ನು ಕೇಳಿಕೊಂಡು ಬರಲಿ: ಈಗ ಯಾವ ಮಳೆ? ಮೃಗಶಿರವೋ, ಆರಿದ್ರಾವೋ, ಪುನರ್ವಸುವೋ? ಒಂದೊಂದು ನಕ್ಷತ್ರಕ್ಕೆ ಎಷ್ಟು ಮಿ.ಮೀ. ಆಯಿತು ಅಂತ ದೊಡ್ಡ ಹಾಳೆಯಲ್ಲಿ ಬರೆದು ಜಗಲಿಯ ಗೋಡೆಗೆ ಅಂಟಿಸಿ. ಗದ್ದೆ ತೋಟದ ಜನ ಅದನ್ನು ನಿಂತು ಓದದೆ ಹೋಗುವುದಿಲ್ಲ. ತಮ್ಮ ಮಗು ಬರೆದ ಅಂಕಿ ಕಣ್ಣೆದುರು ಇದ್ದರೆ ‘ಪಾಠ ಬಿಟ್ಟರು’ ಅನ್ನುವ ಮಾತು ತಾನಾಗಿ ಕಮ್ಮಿಯಾಗುತ್ತದೆ.

ಇನ್ನೊಂದು ಮಾತು. ಆಟದ ಪಿರಿಯಡ್ಡನ್ನು ಪಾಠಕ್ಕೆ ಬಳಸಬೇಡಿ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚೆನ್ನಾಗಿ ಮೈದಣಿಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಇರಲೇಬೇಕಾದ್ದರ ಪಟ್ಟಿಯಲ್ಲಿ ಕೊಠಡಿ, ಶೌಚಾಲಯದ ಜೊತೆಗೇ ಆಟದ ಮೈದಾನವನ್ನೂ ಸೇರಿಸಿದೆ. ಲಗೋರಿ ಆಡುವಾಗ ಕಲ್ಲು ಎಣಿಸಿ ಲೆಕ್ಕ ಕಲಿಸಲು ಹೋಗಬೇಡಿ. ಸುಮ್ನೆ ಆಡಲಿ ಬಿಡಿ.

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಮಗಳು ಎರಡನೇ ಕ್ಲಾಸು. ಶಾಲೆಯಲ್ಲಿ ಮಕ್ಕಳನ್ನು ಹಿಂದಿನ ಕಾಡಿಗೆ ಕರೆದುಕೊಂಡು ಹೋಗುತ್ತಾರಂತೆ. ಇಂಬಳ (ಜಿಗಣೆ), ಹಾವು, ಮಂಗನ ಕಾಯಿಲೆ ಎಲ್ಲ ನೆನೆಸಿಕೊಂಡರೆ ಎದೆ ಡವಡವ ಅನ್ನುತ್ತದೆ. ಕಳಿಸಬೇಡಿ ಅಂತ ಹೇಳಲೇ?

ಉತ್ತರ: ತಾಯಿ, ನಿಮ್ಮ ಭಯಕ್ಕೆ ಕಾರಣ ಇದೆ. ಆದರೆ ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ನಮ್ಮಲ್ಲಿ ತುಂಬಾ ಜನ ಮಳೆಗಾಲಕ್ಕೆ ಹೆದರಿ ಮಕ್ಕಳನ್ನು ಒಳಗೆ ಕೂರಿಸುತ್ತಾರೆ, ಬೇಸಿಗೆ ಬಂದರೆ ಕಾಡಿಗೆ ಬಿಡುತ್ತಾರೆ. ಇದು ತಿರುಗಾಮುರುಗಾ ಆಯಿತು.

ಇಂಬಳ ಅಸಹ್ಯ ಹುಟ್ಟಿಸುತ್ತದೆ, ರಕ್ತ ನಿಲ್ಲುವುದು ತಡವಾಗುತ್ತದೆ. ಆದರೆ ಅದರಿಂದ ಮಂಗನ ಕಾಯಿಲೆ ಬರುವುದಿಲ್ಲ. ಉಗುರಿನಿಂದ ಮೆಲ್ಲಗೆ ಸರಿಸಿ, ಸೋಪು ನೀರಲ್ಲಿ ತೊಳೆದು, ಬಟ್ಟೆ ಒತ್ತಿ ಹಿಡಿದರೆ ಆಯಿತು.

ಮಂಗನ ಕಾಯಿಲೆ ಬೇರೆ ಮಾತು. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆಯಿಂದ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಮರಿ ಉಣುಗುಗಳು ಒಣ ದರಗಿನಲ್ಲಿ (ಉದುರಿದ ಎಲೆಗಳಲ್ಲಿ) ಹೆಚ್ಚಾಗುವುದು ಮಳೆ ಮುಗಿದ ಮೇಲೆ. ಹಾಗಾಗಿ ಕಾಯಿಲೆಯ ಕಾಲ ಸುಮಾರು ನವೆಂಬರ್, ಡಿಸೆಂಬರ್‌ನಿಂದ ಮೇ ತನಕ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಕಡೆಯವರು ಅನುಭವಿಸಿದ ಕಷ್ಟವನ್ನು ಈ ಜಿಲ್ಲೆಯವರು ಮರೆತಿಲ್ಲ.

ಆದ್ದರಿಂದ ಶಾಲೆಯವರಿಗೆ ‘ಕಳಿಸುವುದಿಲ್ಲ’ ಅನ್ನಬೇಡಿ, ‘ಯಾವಾಗ, ಎಲ್ಲಿಗೆ’ ಅಂತ ಕೇಳಿ. ನವೆಂಬರ್ ನಡುವಿನಿಂದ ಮೇ ತನಕ ಕಾಡು, ಸೊಪ್ಪಿನ ಬೆಟ್ಟ, ದರಗು ರಾಶಿ ಬೇಡವೇ ಬೇಡ. ಆಗ ಗುಡಿಸಿದ ಅಂಗಳ, ಆಟದ ಬಯಲು, ಶಾಲೆಯ ಕೈತೋಟ ಇವೆಯಲ್ಲ. ಸುತ್ತಮುತ್ತ ಮಂಗ ಸತ್ತು ಬಿದ್ದಿದ್ದರೆ ಅತ್ತ ಸುಳಿಯಬಾರದು, ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸಬೇಕು. ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೀಪಾ ಎಣ್ಣೆಯ ಬಗ್ಗೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಅವರು ಹೇಳಿದ ಹಾಗೆ ಹಚ್ಚಿ. ಕಾಡಂಚಿಗೆ ಹೋಗಿ ಬಂದ ದಿನ ಬಟ್ಟೆಯನ್ನು ಬಿಸಿನೀರಲ್ಲಿ ನೆನೆಸಿ, ಮಗುವಿಗೆ ಸ್ನಾನ ಮಾಡಿಸಿ. ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗ ನೋಡಿ. ಆಮೇಲೆ ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದು ಮಾಡುತ್ತಾ ಕೂರದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿನ ಕಡೆ ಹೋಗಿದ್ದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಹಾವಿನ ಬಗ್ಗೆ ಮಕ್ಕಳಿಗೆ ಎರಡು ಪಾಠ ಬಾಯಿಪಾಠವಾಗಲಿ. ಕಾಣದ ಜಾಗಕ್ಕೆ ಕೈ ಹಾಕಬಾರದು, ಕಂಡ ಹಾವಿಗೆ ಕಲ್ಲು ಹೊಡೆಯಬಾರದು. ಕಚ್ಚಿದರೆ ಕುಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಅಲುಗಾಡಿಸದೆ ಆಸ್ಪತ್ರೆಗೆ, 108ಕ್ಕೆ ಕರೆ. ಕಾಸರಕದ ಕಿತ್ತಳೆ ಬಣ್ಣದ ಹಣ್ಣನ್ನೂ ತೋರಿಸಿ ಎಚ್ಚರಿಸಿ. ನೋಡಲು ಚೆಂದ, ಬೀಜದಲ್ಲಿ ಕಡು ವಿಷ.

ಅಕ್ಟೋಬರ್, ನವೆಂಬರ್ ಮೊದಲ ಭಾಗ ಮಾತ್ರ ಕೈಬಿಡಬೇಡಿ. ಮಳೆ ಹಿಂದೆ ಸರಿದಿರುತ್ತದೆ, ಹಳ್ಳದಲ್ಲಿ ತಿಳಿನೀರು, ಗದ್ದೆಯಲ್ಲಿ ತೆನೆ. ನಿಮಗೆ ಬಿಡುವಿದ್ದರೆ ಮಗಳ ಜೊತೆ ನೀವೂ ಹೋಗಿ. ಇಬ್ಬರು ದೊಡ್ಡವರು ಹೆಚ್ಚಿದ್ದರೆ ಟೀಚರಿಗೂ ಧೈರ್ಯ.

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಒಂದು ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಹಳೆ ವಿದ್ಯಾರ್ಥಿಗಳು ಸ್ವಲ್ಪ ದುಡ್ಡು ಕೊಟ್ಟಿದ್ದಾರೆ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸೋಣವೇ, ಕಬ್ಬಿಣದ ಜಾರುಬಂಡೆ ತರೋಣವೇ?

ಉತ್ತರ: ಎರಡೂ ಬೇಡ ಅನ್ನುತ್ತೇನೆ. ಇಂಟರ್‌ಲಾಕ್ ಮೇಲೆ ನಮ್ಮ ಮಳೆಗೆ ಪಾಚಿ ಕಟ್ಟುತ್ತದೆ, ಮಗು ಬಿದ್ದರೆ ಮಂಡಿ ಉಳಿಯುವುದಿಲ್ಲ. ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಬೇಸಿಗೆಯಲ್ಲಿ ಸುಡುತ್ತದೆ. ನಾನಾಗಿದ್ದರೆ ಜಗಲಿಯಿಂದ ಮುಂದಕ್ಕೆ ಶೀಟಿನ ಮಾಡು ಇಳಿಸುತ್ತಿದ್ದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಕ್ಕಳಿಗೆ ಓಡಾಡಲು ಒಣ ಜಾಗವೇ ಇಲ್ಲದಿರುವುದು ನಮ್ಮ ಶಾಲೆಗಳ ದೊಡ್ಡ ಕೊರತೆ. ಅದರ ನೆಲಕ್ಕೆ ಕುಂಟೆಬಿಲ್ಲೆ, ಚೌಕಾಬಾರದ ಮನೆ ಬಣ್ಣದಲ್ಲಿ ಬರೆಸಿ. ಒಂದೆರಡು ಅಳಗುಳಿ ಮಣೆ, ಗಟ್ಟಿ ಹಗ್ಗ, ಚೆಂಡು ತನ್ನಿ. ಹಳೆ ಟೈರು ಹೂಳಿಸುವುದಾದರೆ ನೀರು ನಿಲ್ಲದ ಹಾಗೆ ತೂತು ಹೊಡೆಸಿ, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ. ಅಂಗಳದ ಮಣ್ಣು ಮಣ್ಣಾಗಿಯೇ ಇರಲಿ. ಅಡಿಕೆ ಹಾಳೆ ಮೇಲೆ ಕೂತು ಎಳೆಸಿಕೊಳ್ಳಲು ಮಕ್ಕಳಿಗೆ ಅದೇ ಬೇಕು.

ಗುಡುಗು ಕೇಳಿದ ಕೂಡಲೇ ಎಲ್ಲರನ್ನೂ ಕೊಠಡಿಯ ಒಳಗೆ ಕರೆಯುವ ರೂಢಿಯನ್ನೂ ಶಾಲೆಯಲ್ಲಿ ತನ್ನಿ. ಮರದಡಿ, ತಂತಿ ಬೇಲಿ ಹತ್ತಿರ, ಹೊಸ ಶೀಟಿನ ಮಾಡಿನ ಕೆಳಗೂ ನಿಲ್ಲಬಾರದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಮತ್ತೆ ಆಟಕ್ಕೆ ಬಿಡಿ.