ಮಗು ಹೋದಾಗ ಅಳದ ಗಂಡ ಸಿನಿಮಾ ನೋಡಿ ಅತ್ತಾಗ

ಈ ಪ್ರಕರಣವನ್ನು ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ.

ನನ್ನ ಬಳಿ ಸಮಾಲೋಚನೆಗೆ ಮೊದಲು ಬಂದವರು ಹೆಂಡತಿ, ಒಬ್ಬರೇ. ವಯಸ್ಸು 40ರ ಆಸುಪಾಸು. ಕೂತ ತಕ್ಷಣ ಹೇಳಿದರು: "ನಮ್ಮ ಮಗು ಹೋದಾಗ ಇವರ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ ಮೇಡಂ. ಮೊನ್ನೆ ಯಾವುದೋ ಹಳೇ ಸಿನಿಮಾ ನೋಡಿ ಬಿಕ್ಕಿ ಬಿಕ್ಕಿ ಅತ್ತರು. ನನಗೆ ಮೈಯೆಲ್ಲ ಉರಿದುಹೋಯ್ತು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ."

ಆರು ವರ್ಷದ ಹಿಂದೆ ಅವರು ಏಳು ತಿಂಗಳ ಬಸುರಿ. ಹೊಟ್ಟೆಯಲ್ಲೇ ಮಗುವಿನ ಎದೆಬಡಿತ ನಿಂತುಹೋಯಿತು. ಗಂಡ ಆಸ್ಪತ್ರೆಯ ಕಾಗದಗಳಿಗೆ ಸಹಿ ಹಾಕಿದರು, ಹಣ ಕಟ್ಟಿದರು, ಎಲ್ಲರಿಗೂ ಫೋನ್ ಮಾಡಿ ತಿಳಿಸಿದರು. ಒಂದು ವಾರಕ್ಕೆ ಕೆಲಸಕ್ಕೆ ಹೋದರು. ಆಮೇಲೆ ಮನೆಯಲ್ಲಿ ಆ ಮಗುವಿನ ಮಾತೇ ಬರಲಿಲ್ಲ. ದೊಡ್ಡ ಮಗನಿಗೆ ಈಗ 13 ವರ್ಷ. ಅವನೂ ಕೇಳಿಲ್ಲ.

"ಗಂಡಸರು ಹಾಗೇ, ಬಿಡಿ" ಅಂತ ಅವರನ್ನು ಸಮಾಧಾನ ಮಾಡಬಹುದಿತ್ತು. ನಾನು ಮಾಡಲಿಲ್ಲ. ಆರು ವರ್ಷ ಒಬ್ಬರೇ ಅತ್ತಿದ್ದಾರೆ. ಜೊತೆಗೆ ಅಳಬೇಕಾದವರು ತೆರೆ ಮೇಲಿನ ಯಾರಿಗೋ ಅತ್ತರೆ ಸಿಟ್ಟು ಬರದೆ ಇರುತ್ತದೆಯೇ? ಆ ಗಂಟೆಯೆಲ್ಲ ಅವರ ಮಾತನ್ನೇ ಕೇಳಿದೆ. ಹೋಗುವಾಗ, ಮುಂದಿನ ಸಲ ಗಂಡನನ್ನೂ ಕರೆತನ್ನಿ ಅಂದೆ.

ಗಂಡನಿಗೆ 46 ವರ್ಷ, ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ಅವರೊಡನೆ ಒಬ್ಬರೇ ಇದ್ದಾಗ ಮಾತಾಡಿದೆ. ಹೆಂಡತಿಯದು ಸಿಟ್ಟಾದರೆ ಇವರದು ನಾಚಿಕೆ. "ಎರಡು ವರ್ಷದಿಂದ ಹೀಗೆ. ಸಿನಿಮಾದಲ್ಲಿ ಅಪ್ಪ ಮಗ ಬಂದರೆ ಸಾಕು, ಗಂಟಲು ಕಟ್ಟಿಬಿಡುತ್ತೆ. ಮಗ ಪಕ್ಕದಲ್ಲಿದ್ದರೆ ಸುಮ್ನೆ ನೆಪ ಹೇಳಿ ಎದ್ದು ಹೋಗ್ತೀನಿ. ನನಗೇನೋ ಕಾಯಿಲೆ ಇರಬೇಕು, ಅಲ್ವಾ?"

ಆ ಪ್ರಶ್ನೆಯನ್ನು ನಾನು ಹಗುರವಾಗಿ ತಗೊಳ್ಳಲಿಲ್ಲ. ಪಾರ್ಶ್ವವಾಯು, ತಲೆಗೆ ಪೆಟ್ಟು ಅಥವಾ ಕೆಲವು ನರರೋಗಗಳ ನಂತರ, ಮನಸ್ಸಿನಲ್ಲಿ ದುಃಖವೇ ಇಲ್ಲದಿದ್ದರೂ ತಡೆಯಲಾರದ ಅಳು ಬರುವುದುಂಟು, ಕೆಲವರಿಗೆ ನಗುವೂ. ಅದಕ್ಕೆ ನರರೋಗ ತಜ್ಞರನ್ನೇ ಕಾಣಬೇಕು. ಎರಡು ವಾರಕ್ಕೂ ಜಾಸ್ತಿ ಮನಸ್ಸು ಕುಗ್ಗಿ, ನಿದ್ದೆ ಊಟ ಕೆಟ್ಟು, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಖಿನ್ನತೆಯ ಬಗ್ಗೆ ಯೋಚಿಸಬೇಕು. ಎರಡನ್ನೂ ವಿವರವಾಗಿ ಕೇಳಿದೆ. ಇವರಿಗೆ ಎರಡೂ ಇರಲಿಲ್ಲ.

ಗಂಡಸರು ಅಳುವುದೇ ಇಲ್ಲ ಅನ್ನುವ ನಂಬಿಕೆಯ ಬಗ್ಗೆಯೂ ಸ್ವಲ್ಪ ಹೇಳಿದೆ. 1980ರ ದಶಕದಲ್ಲಿ ಅಮೆರಿಕದ ವಿಲಿಯಂ ಫ್ರೇ ಎಂಬ ವಿಜ್ಞಾನಿ ಜನರಿಂದ ಅಳುವಿನ ಲೆಕ್ಕ ಬರೆಸಿದ್ದರು. ಹೆಂಗಸರು ತಿಂಗಳಿಗೆ ಸರಾಸರಿ ಐದು ಸಲಕ್ಕಿಂತ ಸ್ವಲ್ಪ ಹೆಚ್ಚು, ಗಂಡಸರು ಒಂದು ಸಲಕ್ಕಿಂತ ಸ್ವಲ್ಪ ಹೆಚ್ಚು ಅತ್ತಿದ್ದರು. ಕಡಿಮೆ ಅನ್ನುವುದು ನಿಜ, ಆದರೆ ಅಳುತ್ತಾರೆ. ಇದನ್ನು ಕೇಳಿ ಅವರ ಭುಜ ಸ್ವಲ್ಪ ಸಡಿಲವಾಯಿತು.

ಆಮೇಲೆ ಕೇಳಿದೆ: "ಯಾವ ಜಾಗದಲ್ಲಿ ಅಳು ಬಂತು?" ಸಿನಿಮಾ ನೋಡಿ ಅತ್ತವರಿಗೆ "ಯಾಕೆ ಅತ್ತಿರಿ" ಅಂದರೆ ಅದು ತನಿಖೆ ಮಾಡಿದ ಹಾಗೆ ಕೇಳಿಸುತ್ತದೆ, ಬಾಯಿ ಮುಚ್ಚಿಹೋಗುತ್ತದೆ. ಯಾವ ದೃಶ್ಯ ಅಂದರೆ ಕಥೆ ಹೇಳತೊಡಗುತ್ತಾರೆ.

ಅವರು ನೋಡಿದ್ದು 1948ರ ಇಟಲಿಯ 'ಬೈಸಿಕಲ್ ಥೀವ್ಸ್'. ಬಡ ಅಪ್ಪನಿಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ. ಅದಕ್ಕೆ ಸೈಕಲ್ ಬೇಕು. ಮೊದಲ ದಿನವೇ ಸೈಕಲ್ ಕಳವಾಗುತ್ತದೆ. ಚಿಕ್ಕ ಮಗನನ್ನು ಕರೆದುಕೊಂಡು ಊರೆಲ್ಲ ಹುಡುಕುತ್ತಾನೆ. ಕೊನೆಗೆ ದಿಕ್ಕು ತೋಚದೆ ತಾನೇ ಒಂದು ಸೈಕಲ್ ಕದಿಯಲು ಹೋಗಿ, ಮಗನ ಕಣ್ಣೆದುರೇ ಸಿಕ್ಕಿಬಿದ್ದು ಜನರಿಂದ ಏಟು ತಿನ್ನುತ್ತಾನೆ. ಹುಡುಗನ ಮುಖ ನೋಡಿ ಸೈಕಲ್‌ನ ಒಡೆಯ ಬಿಟ್ಟುಬಿಡುತ್ತಾನೆ. ಅಪ್ಪ ಮಗ ಜನರ ನಡುವೆ ನಡೆಯುತ್ತಾರೆ. ಅಪ್ಪನ ಕಣ್ಣಲ್ಲಿ ನೀರು. ಮಗ ಅವನ ಕೈ ಹಿಡಿದುಕೊಳ್ಳುತ್ತಾನೆ.

"ಸೈಕಲ್ ಹೋದಾಗ ನನಗೆ ಅಳು ಬರಲಿಲ್ಲ. ಹೊಡೆದಾಗಲೂ ಬರಲಿಲ್ಲ. ಆ ಹುಡುಗ ಕೈ ಹಿಡಿದನಲ್ಲ, ಅಲ್ಲಿ..." ಅಂದರು. ಮಾತು ಮುಂದೆ ಹೋಗಲಿಲ್ಲ.

ನನ್ನ ಬಳಿ ಬಂದ ಗಂಡಸರಲ್ಲಿ ಇದನ್ನು ಹಲವು ಸಲ ಕಂಡಿದ್ದೇನೆ. ತೆರೆ ಮೇಲೆ ಯಾರೋ ಸತ್ತಾಗ ಅವರು ಗಟ್ಟಿಯಾಗಿ ಕೂತಿರುತ್ತಾರೆ. ಸೋತವನ ಹೆಗಲ ಮೇಲೆ ಯಾರಾದರೂ ಕೈ ಇಟ್ಟರೆ, ಎಷ್ಟೋ ವರ್ಷ ಮಾತು ಬಿಟ್ಟ ಅಪ್ಪ ಬಾಗಿಲಲ್ಲಿ ಬಂದು ನಿಂತರೆ, ಕರಗಿಹೋಗುತ್ತಾರೆ. ತಮಗೆ ಸಿಗದ ಕ್ಷಮೆ ಅಲ್ಲಿ ಇನ್ನೊಬ್ಬನಿಗೆ ಸಿಗುತ್ತಿರುತ್ತದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಆ ರಾತ್ರಿಯ ಕಥೆ ಹೇಳಿದರು. ರಾತ್ರಿ ಪಾಳಿ. ಹೆಂಡತಿ ಎರಡು ಸಲ ಫೋನ್ ಮಾಡಿ, ಮಗು ಅಲ್ಲಾಡುತ್ತಿಲ್ಲ ಅಂದಿದ್ದರು. ಬೆಳಿಗ್ಗೆ ನೋಡೋಣ ಅಂದಿದ್ದರು ಇವರು. ಹೊಟ್ಟೆಯಲ್ಲಿ ಮಗುವಿನ ಚಲನೆ ಕಡಿಮೆಯಾದರೆ ಬೆಳಗಿನವರೆಗೆ ಕಾಯಬಾರದು, ಆಗಲೇ ಆಸ್ಪತ್ರೆಗೆ ಹೋಗಬೇಕು. ಓದುವವರು ಇದನ್ನು ನೆನಪಿಡಿ. ಇವರ ವಿಷಯದಲ್ಲಿ ಎದೆಬಡಿತ ಫೋನ್ ಬರುವ ಮೊದಲೇ ನಿಂತಿರಬೇಕು ಅಂತ ವೈದ್ಯರು ಆವತ್ತೇ ಹೇಳಿದ್ದರಂತೆ. ಆ ಮಾತು ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ. ಆರು ವರ್ಷದಿಂದ ತಾನೇ ತಪ್ಪಿತಸ್ಥ ಅಂತ ಬದುಕಿದ್ದಾರೆ. ತಪ್ಪಿತಸ್ಥ ಅಳುವುದು ಹೇಗೆ? ಹೆಂಡತಿಯ ಮುಂದೆ ಅಳುವ ಹಕ್ಕು ತನಗಿಲ್ಲ ಅಂತ ಅವರಿಗೆ ಅನಿಸಿತ್ತು.

ಸಿನಿಮಾದ ಮುಂದೆ ಆ ಕಟ್ಟು ಸಡಿಲವಾಗುತ್ತದೆ. ಅಲ್ಲಿ ಸಹಿ ಹಾಕಬೇಕಿಲ್ಲ, ಯಾರನ್ನೂ ಸಂಭಾಳಿಸಬೇಕಿಲ್ಲ. ಕತ್ತಲಿದೆ, ಎಲ್ಲರ ಕಣ್ಣೂ ತೆರೆ ಮೇಲೆ ಇದೆ.

ಮೂರನೇ ಭೇಟಿಯಲ್ಲಿ ಇಬ್ಬರೂ ಒಟ್ಟಿಗೆ ಬಂದರು. ಹೆಂಡತಿಗೆ ಹೇಳಿದೆ: ಆ ಕಣ್ಣೀರು ನಿಮ್ಮ ಮಗುವಿನದೇ ಇರಬಹುದು, ಅದಕ್ಕೆ ಹೊರಬರಲು ಬೇರೆ ದಾರಿ ಸಿಕ್ಕಿರಲಿಲ್ಲ. ಹಾಗಂತ ನಿಮ್ಮ ಸಿಟ್ಟನ್ನು ಇವತ್ತೇ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಇನ್ನೊಮ್ಮೆ ಅವರು ಅತ್ತರೆ ಎದ್ದು ಹೋಗಬೇಡಿ, ಪಕ್ಕದಲ್ಲಿ ಕೂತಿರಿ, ಅಷ್ಟು ಸಾಕು. ಸಿನಿಮಾ ಮುಗಿದ ಕೂಡಲೇ ಏನೂ ಕೇಳಬೇಡಿ.

ಅದಕ್ಕೊಂದು ಕಾರಣವಿದೆ. ನೆದರ್‌ಲ್ಯಾಂಡ್ಸ್‌ನ ಟಿಲ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಜನರಿಗೆ ಮನ ಕಲಕುವ ಸಿನಿಮಾ ತೋರಿಸಿ ಪರೀಕ್ಷಿಸಿದ್ದರು. ಅದು 2015ರಲ್ಲಿ ಪ್ರಕಟವಾಯಿತು. ಅತ್ತವರ ಮನಸ್ಸು ಸಿನಿಮಾ ಮುಗಿದ ಕೂಡಲೇ ಇನ್ನಷ್ಟು ಕುಗ್ಗಿತ್ತು. 20 ನಿಮಿಷದಲ್ಲಿ ಮೊದಲಿನಂತಾಯಿತು. 90 ನಿಮಿಷದ ಹೊತ್ತಿಗೆ ಸಿನಿಮಾ ನೋಡುವ ಮೊದಲಿಗಿಂತಲೂ ಹಗುರವಾಗಿತ್ತು. ಹಾಗಾಗಿ ಮಾತಿಗೆ ಒಂದೂವರೆ ಗಂಟೆ ಕಾಯಿರಿ ಅಂದೆ. ಬೇಕಿದ್ದರೆ ಒಟ್ಟಿಗೆ ಸ್ವಲ್ಪ ದೂರ ನಡೆದು ಬನ್ನಿ.

ಗಂಡನಿಗೆ ಹೇಳಿದ್ದು ಇದಕ್ಕಿಂತ ಕಷ್ಟದ್ದು. ಮಗನ ಮುಂದೆ ಎದ್ದು ಹೋಗುವುದನ್ನು ನಿಲ್ಲಿಸಿ. "ಈ ದೃಶ್ಯ ನನಗೆ ತಾಕಿತು" ಅನ್ನುವ ಒಂದೇ ಮಾತು ಅವನಿಗೆ ಹೇಳಿ. ನೀವು ಎದ್ದು ಹೋದಾಗಲೆಲ್ಲ, ಅಳು ಬಂದರೆ ಬಚ್ಚಿಟ್ಟುಕೊಳ್ಳಬೇಕು ಅಂತ ಅವನೂ ಕಲಿಯುತ್ತಿದ್ದಾನೆ. ಇನ್ನು ಆ ರಾತ್ರಿಯ ಕಥೆ. ಅದನ್ನು ನನಗೆ ಹೇಳಿದರೆ ಸಾಲದು, ಹೆಂಡತಿಗೆ ಹೇಳಬೇಕು. ಸಮರ್ಥನೆ ಬೇಡ, ಉದ್ದದ ಕ್ಷಮಾಪಣೆಯೂ ಬೇಡ. ಏನಾಯಿತೋ ಅದನ್ನು ಹಾಗೇ ಹೇಳಿ. ಬಾಯಿ ಬಾರದಿದ್ದರೆ ಬರೆದು ಕೊಡಿ.

ನಾಲ್ಕನೇ ಭೇಟಿಗೆ ಮೂರು ವಾರ ಬಿಟ್ಟು ಬಂದರು. ಅದೇ ಸಿನಿಮಾವನ್ನು ಮತ್ತೆ ನೋಡಿದ್ದರಂತೆ, ಮಗನನ್ನೂ ಕೂರಿಸಿಕೊಂಡು. ರಾತ್ರಿ ಮಗ ಮಲಗಿದ ಮೇಲೆ ಗಂಡ ಮಾತಾಡಿದರು. ನನ್ನ ಮುಂದೆ ಫೋನ್ ಎರಡು ಸಲ ಬಂತು ಅಂದಿದ್ದರಲ್ಲ, ಹೆಂಡತಿಗೆ ಮೂರು ಅಂದರು. ಮೂರನೆಯದನ್ನು ನೋಡಿಯೂ ತೆಗೆದಿರಲಿಲ್ಲ.

ಹೆಂಡತಿ ಎರಡು ದಿನ ಮಾತು ಬಿಟ್ಟರು. "ಆದರೂ ಇವರು ಸುಳ್ಳು ಹೇಳಲಿಲ್ಲ" ಅಂತ ನನ್ನೆದುರು ಹೇಳುವಾಗ ಅವರ ದನಿ ನಡುಗುತ್ತಿತ್ತು. ಮೂರನೇ ದಿನ ಬೀರುವಿನ ತಳದಿಂದ ಸ್ಕ್ಯಾನ್ ಚಿತ್ರ ತೆಗೆದು ಮೇಜಿನ ಮೇಲೆ ಇಟ್ಟರಂತೆ. ಮಗ ಬಂದು ನೋಡಿ, ತಂಗಿಯಾ ತಮ್ಮನಾ ಅಂತ ಕೇಳಿದ. ಅಪ್ಪ ಉತ್ತರ ಹೇಳಿದರು. ಈ ಸಲ ಎದ್ದು ಹೋಗಲಿಲ್ಲ.

ಮುಂದಿನ ಭೇಟಿಗೆ ಮಗನನ್ನೂ ಕರೆತರುತ್ತೇವೆ ಅಂದಿದ್ದಾರೆ.